ನಾರ್ಮಲ್ ಅಂತ ಬರೆದ ನಾಲ್ಕು ವಾರ

ನಾನು ಹುಟ್ಟಾ ಪುಕ್ಕಲಿ. ಮಹದೇವಪುರದ ನಮ್ಮ ಅಪಾರ್ಟ್‌ಮೆಂಟಿನ ಹೆಂಗಸರು ಇದನ್ನು ಒಪ್ಪುವುದಿಲ್ಲ. ಯಾರ ಮನೆಯಲ್ಲಿ ಇಲಿ ಕಾಣಿಸಿಕೊಂಡರೂ ಕುರ್ಚಿ ಹತ್ತಿ ನಿಂತು ನನಗೇ ಫೋನ್ ಮಾಡುತ್ತಾರೆ. ಮೂವತ್ತೊಂದು ವರ್ಷ ಇಲಿಗಳನ್ನು ಕೈಯಲ್ಲಿ ಹಿಡಿದವಳಿಗೆ ಎಂಥ ಭಯ ಎಂಬುದು ಅವರ ಲೆಕ್ಕ. ಇಲಿಯನ್ನು ಕಂಡರೆ ನನಗೆ ಭಯವಿರಲಿಲ್ಲ, ನಿಜ. ಇಲಿಯ ಬಗ್ಗೆ ನಾನು ಬರೆದು ಸಹಿ ಹಾಕುತ್ತಿದ್ದ ಹಾಳೆಗಳನ್ನು ಕಂಡರೆ ಇತ್ತು. ಈಗಲೂ ಇದೆ.

ನಮ್ಮಣ್ಣನ ಮಗಳು ಸಹನಾ ಹೋದ ತಿಂಗಳು ಎಲೆಕ್ಟ್ರಾನಿಕ್ ಸಿಟಿಯ ಹತ್ತಿರ ನಾನು ಮಾಡುತ್ತಿದ್ದಂಥದೇ ಕೆಲಸಕ್ಕೆ ಸೇರಿದಳು. ಬೇಗೂರಿನಲ್ಲಿ ಪಿಜಿ ಹಿಡಿದಿದ್ದಾಳೆ. ಭಾನುವಾರ ಊಟಕ್ಕೆ ಬಂದಾಗ ತಮ್ಮಲ್ಲಿ ಪೆನ್ನು ಕಾಗದ ಒಂದೂ ಇಲ್ಲ, ಎಲ್ಲ ಟ್ಯಾಬ್‌ನಲ್ಲೇ ಎಂದು ಹೆಮ್ಮೆಯಿಂದ ಹೇಳಿದಳು. ಒಂದೊಂದು ಇಲಿಗೂ ಒಂದೊಂದು ಸಾಲು. ಕಣ್ಣು, ಮೂಗು, ತುಪ್ಪಳ, ನಡಿಗೆ, ಎಲ್ಲದರ ಮುಂದೆಯೂ ‘ನಾರ್ಮಲ್’ ಎಂದು ಮೊದಲೇ ತುಂಬಿಕೊಂಡು ಬಂದಿರುತ್ತದಂತೆ.

“ಬೇರೆ ಏನಾದ್ರೂ ಕಂಡ್ರೆ ಮಾತ್ರ ಚೇಂಜ್ ಮಾಡ್ಬೇಕು ಅತ್ತೆ. ಎಷ್ಟು ಈಸಿ ನೋಡಿ” ಎಂದಳು.

ಬಡಿಸುತ್ತಿದ್ದ ಸಾರಿನ ಸೌಟು ಕೈಯಲ್ಲೇ ಉಳಿಯಿತು. ಅವಳಿಗೆ ಆಗ ಏನೂ ಹೇಳಲಾಗಲಿಲ್ಲ. ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾರು ಶಾಲು ಹೊದಿಸಿದರು ಎಂಬುದೆಲ್ಲ ಇದರಲ್ಲಿಲ್ಲ. ಶಾಲು ಬೀರುವಿನಲ್ಲಿದೆ, ಬೇಕಾದವರು ಬಂದು ನೋಡಬಹುದು.

ನಮ್ಮ ಪ್ರಯೋಗಾಲಯ ದೊಡ್ಡನೆಕ್ಕುಂದಿಯ ಕೈಗಾರಿಕಾ ಪ್ರದೇಶದ ಒಳಗೆ, ಒಂದು ಬೇರಿಂಗ್ ಕಾರ್ಖಾನೆಯ ಹಿಂಭಾಗದಲ್ಲಿತ್ತು. ಹೊಸ ಔಷಧಿಯನ್ನು ಮನುಷ್ಯರಿಗೆ ಕೊಡುವ ಮೊದಲು ಪ್ರಾಣಿಗಳಿಗೆ ಕೊಟ್ಟು, ಅದರಿಂದ ಏನು ಕೆಡುತ್ತದೆ ಎಂದು ನೋಡುವುದು ನಮ್ಮ ಕಸುಬು. ನಾನು ತಂತ್ರಜ್ಞೆಯಾಗಿ ಸೇರಿದಾಗ ಪದ್ಮನಾಭಯ್ಯ ಎಂಬ ಪಶುವೈದ್ಯರು ನಮಗೆ ಮೇಲಧಿಕಾರಿ. ಬಿಳಿ ಪಂಚೆ ಉಟ್ಟರೆ ಪುರೋಹಿತರೇ ಅನ್ನಿಸುವಂಥ ಮನುಷ್ಯ. ಬಾಯಿ ಮಾತ್ರ ಬಲು ಜೋರು. ಇಲಿಗಳ ಕೋಣೆಯಲ್ಲಿ ಒಂದು ಮರದ ಸ್ಟೂಲ್ ಇಡಿಸಿದ್ದರು. ಮೊದಲ ದಿನ ನಾನು ಉತ್ಸಾಹದಿಂದ ಪಂಜರಕ್ಕೆ ಕೈ ಹಾಕಲು ಹೋದಾಗ ಭುಜ ಹಿಡಿದು ಅದರ ಮೇಲೆ ಕೂರಿಸಿದರು.

“ಮುಟ್ಟೋಕ್ ಮುಂಚೆ ಹತ್ತು ನಿಮಿಷ ಸುಮ್ನೆ ಕೂತು ನೋಡಮ್ಮ. ಮುಟ್ಟಿದ್ ಮೇಲೆ ಇಲಿ ತನ್ನ ಭಯ ತೋರ್ಸುತ್ತೆ, ಕಾಯಿಲೆ ತೋರ್ಸಲ್ಲ.”

ಅವರಿದ್ದಷ್ಟು ವರ್ಷ ಕೂತು ನೋಡಿದೆ. ಅವರು ನಿವೃತ್ತರಾದರು. ಕೋಣೆಗಳು ಎರಡಿದ್ದವು ಎಂಟಾದವು. ಹತ್ತು ನಿಮಿಷ ಐದಾಯಿತು, ಐದು ಎರಡಾಯಿತು, ಆಮೇಲೆ ಸ್ಟೂಲಿನ ಮೇಲೆ ಕೈಗವಸುಗಳ ಡಬ್ಬಿ ಬಂದು ಕೂತಿತು. ಯಾರೂ ಅದನ್ನು ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ.

ಹೊರಗೆ ವರ್ತುಲ ರಸ್ತೆಯಲ್ಲಿ ಮೆಟ್ರೋ ಕಂಬಗಳು ಏಳುತ್ತಿದ್ದ ಕಾಲಕ್ಕೆ ಆ ಪುಡಿ ನಮ್ಮಲ್ಲಿಗೆ ಬಂತು. ಹೆಸರಿಲ್ಲ, ಬರೀ ಸಂಕೇತ ಸಂಖ್ಯೆ. ಕ್ಯಾನ್ಸರಿಗೆಂದು ಮಾಡಿದ್ದು. ನನಗೆ ಅರ್ಥವಾದಷ್ಟು ಹೇಳುತ್ತೇನೆ. ನಮ್ಮ ಮೈಯಲ್ಲಿ ಪ್ರೋಟೀನುಗಳನ್ನು ಕತ್ತರಿಸುವ ಕಿಣ್ವಗಳಿವೆ. ಅವು ಒಂದು ಬಗೆಯ ಕತ್ತರಿ, ಮತ್ತು ಆ ಕತ್ತರಿಯ ಅಲಗು ಕೆಲಸ ಮಾಡಬೇಕಾದರೆ ನಡುವೆ ಒಂದು ಕಣ ಸತುವು, ಅಂದರೆ ಜಿಂಕ್, ಇರಲೇಬೇಕು. ಕ್ಯಾನ್ಸರ್ ಕೋಶಗಳು ಈ ಕತ್ತರಿಗಳಿಂದ ಸುತ್ತಲಿನ ಬೇಲಿ ಕತ್ತರಿಸಿಕೊಂಡು ಬೇರೆ ಕಡೆಗೆ ಹರಡುತ್ತವೆ. ಈ ಪುಡಿ ಹೋಗಿ ಆ ಸತುವನ್ನೇ ಅವುಚಿ ಹಿಡಿಯುತ್ತದೆ. ಕತ್ತರಿ ಆಡುವುದಿಲ್ಲ, ಕ್ಯಾನ್ಸರ್ ಹರಡುವುದಿಲ್ಲ. ಕೇಳಲು ಬಲು ಚೆಂದ. ಆದರೆ ಅದೇ ಕತ್ತರಿಗಳು ದಿನನಿತ್ಯದ ರಿಪೇರಿಯನ್ನೂ ಮಾಡುತ್ತಿರುತ್ತವೆ. ಗಾಯ ಕೂಡಬೇಕಾದರೆ ಅವು ಬೇಕು. ಕೀಲುಗಳ ಸುತ್ತಲಿನ ಹಳೆಯ ನಾರನ್ನು ಕತ್ತರಿಸಿ ಹೊಸದಕ್ಕೆ ಜಾಗ ಮಾಡಿಕೊಡಲೂ ಅವೇ ಬೇಕು. ಎಲ್ಲ ಕತ್ತರಿಗಳನ್ನೂ ಒಟ್ಟಿಗೆ ಕಟ್ಟಿಹಾಕಿದರೆ ಏನಾದೀತು ಎಂದು ನೋಡಬೇಕಾದವರು ನಾವು.

ಎಂಬತ್ತು ಇಲಿಗಳು, ಇಪ್ಪತ್ತೆಂಟು ದಿನ, ದಿನಕ್ಕೊಮ್ಮೆ ಬಾಯಿಯ ಮೂಲಕ ಔಷಧಿ. ಅತಿ ಹೆಚ್ಚು ಪ್ರಮಾಣ ಪಡೆಯುವ ಗುಂಪಿನ ಪಂಜರಗಳಿಗೆ ಕೆಂಪು ಚೀಟಿ. ಅಧ್ಯಯನದ ಮುಖ್ಯಸ್ಥರು ಡಾಕ್ಟರ್ ರಾಘವನ್. ಗಟ್ಟಿಯಾಗಿ ಒಂದು ಮಾತಾಡಿದವರಲ್ಲ. ಸಿಟ್ಟು ಬಂದರೆ ಪೆನ್ನಿನ ಕ್ಯಾಪು ಹಾಕಿ ಮೇಜಿನ ಮೇಲಿಡುತ್ತಿದ್ದರು, ಅಷ್ಟೇ. ಆ ಟಕ್ ಎಂಬ ಸದ್ದಿಗೆ ನಮಗೆಲ್ಲ ಬೆವರು ಕಿತ್ತುಬರುತ್ತಿತ್ತು.

ಇಲಿಗಳನ್ನು ನೋಡಿಕೊಳ್ಳುತ್ತಿದ್ದವನು ಶರಣಪ್ಪ. ರಾಯಚೂರು ಕಡೆಯವನು, ನನಗಿಂತ ನಾಲ್ಕೈದು ವರ್ಷ ಚಿಕ್ಕವನು. ಗುತ್ತಿಗೆದಾರರ ಮೂಲಕ ಬಂದವನು. ಹೆಂಡತಿ, ಇಬ್ಬರು ಹೆಣ್ಣುಮಕ್ಕಳ ಜೊತೆ ದೊಡ್ಡನೆಕ್ಕುಂದಿಯ ಹಳೆಯ ಊರಿನ ಒಳಗೆ ಶೀಟಿನ ಒಂದು ರೂಮಿನಲ್ಲಿದ್ದ. ಕಟ್ಟಡದ ಕೆಲಸಕ್ಕೆಂದು ಬಂದು ಸಾರುವೆಯಿಂದ ಬಿದ್ದ ಮೇಲೆ ಭಾರ ಹೊರಲಾಗದೆ ನಮ್ಮಲ್ಲಿಗೆ ಸೇರಿದ್ದ. ಪಂಜರ ಬದಲಿಸುವುದು, ಮರದ ಹೊಟ್ಟು ಹಾಸುವುದು, ಮೇಲಿನ ಸರಳಿನ ಮುಚ್ಚಳದಲ್ಲಿ ಆಹಾರದ ಗುಳಿಗೆ ತುಂಬುವುದು, ನೀರಿನ ಬಾಟಲಿ ಸಿಕ್ಕಿಸುವುದು ಅವನ ಕೆಲಸ. ಇಲಿ ಹಿಂಗಾಲಿನ ಮೇಲೆ ಎದ್ದು ನಿಂತು, ಸರಳಿನ ನಡುವಿನಿಂದ ಗುಳಿಗೆ ಕಡಿದು ತಿನ್ನಬೇಕು. ಇದನ್ನು ನೆನಪಿಟ್ಟುಕೊಳ್ಳಿ.

ಬುಧವಾರ ಪಂಜರ ಬದಲಿಸುವ ದಿನ. ವಾರಕ್ಕೊಮ್ಮೆ ಇಲಿಗಳನ್ನು ಒಂದೊಂದಾಗಿ ಮೇಜಿನ ಮೇಲೆ ಬಿಟ್ಟು ಪರೀಕ್ಷಿಸಿ ಬರೆಯುವುದೂ ಅದೇ ದಿನ, ಅವನು ಬದಲಿಸಿ ಮುಗಿಸಿದ ಮೇಲೆ. ಎರಡು ಸಲ ಗಲಾಟೆ ಬೇಡವೆಂದು ಯಾರೋ ಮಾಡಿದ ಏರ್ಪಾಡು, ಎಲ್ಲರಿಗೂ ಅನುಕೂಲವಾಗಿತ್ತು. ಅದರಲ್ಲಿ ಏನು ಮೋಸವಿದೆ ಎಂದು ಯಾರಿಗೂ ಹೊಳೆಯಲಿಲ್ಲ. ಮೂರನೆಯ ಬುಧವಾರ ಕೆಂಪು ಚೀಟಿಯ ಒಂದು ಗಂಡಿಲಿ, ನಲವತ್ತೇಳನೆಯ ಸಂಖ್ಯೆಯದು, ಮೇಜಿನ ಮೇಲೆ ನಾಲ್ಕು ಹೆಜ್ಜೆ ಕಾಲನ್ನು ಎತ್ತೆತ್ತಿ ಇಟ್ಟಿತು, ಬಿಸಿ ನೆಲದ ಮೇಲೆ ನಡೆದಂತೆ. ಐದನೆಯ ಹೆಜ್ಜೆಗೆ ಸರಿಯಾಗಿ ಓಡಿತು. ಇನ್ನೂ ಮೂವತ್ಮೂರು ಇಲಿ ಬಾಕಿ ಇದ್ದವು. ‘ನಡಿಗೆ: ನಾರ್ಮಲ್’ ಎಂದು ಬರೆದೆ.

ಅದೇ ವಾರ ಪುಡಿ ತೂಗುವಾಗ ಗಾಜಿನ ಸೀಸೆಯ ಒಡೆದ ಅಂಚು ಒಂದರ ಮೇಲೊಂದು ಹಾಕಿದ್ದ ಎರಡು ಕೈಗವಸುಗಳನ್ನೂ ಸೀಳಿ ಬಲಗೈ ಹೆಬ್ಬೆರಳಿಗೆ ತಾಗಿತು. ಇಂಥದನ್ನು ತಕ್ಷಣ ತಿಳಿಸಿ ಅಪಘಾತದ ಪುಸ್ತಕದಲ್ಲಿ ಬರೆಸಬೇಕು. ಬರೆಸಿದರೆ ವಿಚಾರಣೆ, ಒಡೆದ ಸೀಸೆ ಯಾಕೆ ಬಳಸಿದಿರಿ ಎಂಬ ಪ್ರಶ್ನೆ, ಟಕ್ ಎಂಬ ಸದ್ದು. ನಲ್ಲಿಯ ಕೆಳಗೆ ತೊಳೆದು ಪ್ಲಾಸ್ಟರ್ ಸುತ್ತಿಕೊಂಡೆ.

ಗಾಯ ಒಣಗಲಿಲ್ಲ. ನಾಲ್ಕು ದಿನವಾಯಿತು, ಎಂಟು ದಿನವಾಯಿತು, ಪ್ಲಾಸ್ಟರ್ ಬಿಚ್ಚಿದರೆ ಹಸಿ ಹಸಿ. ಗಾಯ ಕೂಡಲು ಆ ಕತ್ತರಿಗಳು ಬೇಕು ಎಂದು ಓದಿದ್ದವಳು ನಾನೇ. ಒಂದು ಬೆಳಿಗ್ಗೆ ಎದ್ದಾಗ ಬಲಗೈ ಬೆರಳುಗಳು ಮಡಚಲಿಲ್ಲ, ಬಿಸಿನೀರಿನಲ್ಲಿ ಅದ್ದಿದ ಮೇಲೆ ಮಡಚಿದವು. ಕೆಲಸಕ್ಕೆ ಹೋಗುವಾಗ ಬಸ್ಸಿನಲ್ಲಿ ಸೆರಗಿನ ಒಳಗೆ ಕೈ ಮುಚ್ಚಿ ತೆರೆದು, ಮುಚ್ಚಿ ತೆರೆದು ನೋಡಿಕೊಳ್ಳುತ್ತ ಕೂತೆ. ಪಕ್ಕದ ಹುಡುಗಿ ನಾನು ಜಪ ಮಾಡುತ್ತಿದ್ದೇನೆ ಎಂದುಕೊಂಡು ಮೊಬೈಲಿನ ಹಾಡು ಸಣ್ಣದು ಮಾಡಿದಳು. ಒಂದು ಲೆಕ್ಕದಲ್ಲಿ ಜಪವೇ. ಇಷ್ಟು ಸ್ವಲ್ಪ ತಾಗಿದ ನನಗೇ ಹೀಗಾದರೆ, ದಿನವೂ ನುಂಗುತ್ತಿರುವ ಇಲಿಗಳಿಗೆ ಏನೂ ಆಗಿಲ್ಲವೆಂದು ನಾಲ್ಕು ಬುಧವಾರ ಬರೆದಿದ್ದೇನಲ್ಲ ಎಂಬ ಯೋಚನೆ ಅಲ್ಲೇ, ತುಳಸಿ ಚಿತ್ರಮಂದಿರದ ಬಳಿಯ ಟ್ರಾಫಿಕ್ಕಿನಲ್ಲಿ ಬಂತು.

ಅಧ್ಯಯನ ಮುಗಿಯಲು ಎರಡೇ ದಿನ ಬಾಕಿ. ಮರುದಿನ ಬೆಳಿಗ್ಗೆ ಶರಣಪ್ಪ ಕೆಲಸ ಶುರುಮಾಡುವ ಮೊದಲೇ ಹೋದೆ. ಸ್ಟೂಲಿನ ಮೇಲಿನ ಡಬ್ಬಿ ಕೆಳಗಿಟ್ಟು, ಕೆಂಪು ಚೀಟಿಗಳ ಎದುರು ಕೂತೆ. ಎಷ್ಟೋ ವರ್ಷಗಳ ನಂತರ ಕೂತೆ.

ಮೊದಲ ನಿಮಿಷಗಳಲ್ಲಿ ಏನೂ ಕಾಣಲಿಲ್ಲ. ಆಮೇಲೆ ಕಂಡಿತು. ಬೇರೆ ಗುಂಪಿನ ಇಲಿಗಳು ಆಗಾಗ ಎದ್ದು, ಸರಳು ಹಿಡಿದು ಗುಳಿಗೆ ಕಡಿಯುತ್ತಿದ್ದವು. ಕೆಂಪು ಚೀಟಿಯ ಪಂಜರಗಳಲ್ಲಿ ಒಂದೂ ಎದ್ದು ನಿಲ್ಲಲಿಲ್ಲ. ನಲವತ್ತೇಳನೆಯದು ಎರಡು ಸಲ ಮುಂಗಾಲು ಎತ್ತಿತು. ಹಿಂಗಾಲು ಸೊಂಟ ಹೊರಲಿಲ್ಲ, ಕುಸಿದು ಕೂತಿತು. ಮೂರನೆಯ ಸಲ ಅದು ಪ್ರಯತ್ನಿಸಲಿಲ್ಲ. ಒಂದೊಂದೇ ಕಾಲು ಎತ್ತಿಟ್ಟು ಮೂಲೆಗೆ ಹೋಯಿತು. ಆ ಮೂಲೆಯಲ್ಲಿ ಒಂದು ಸಣ್ಣ ಸ್ಟೀಲ್ ತಟ್ಟೆ, ಅದರಲ್ಲಿ ನೀರಲ್ಲಿ ನೆನೆಸಿದ ಗುಳಿಗೆ. ಮಲಗಿಕೊಂಡೇ ತಿನ್ನತೊಡಗಿತು. ಅಕ್ಕಪಕ್ಕದ ಪಂಜರಗಳಲ್ಲೂ ಅಂಥದೇ ತಟ್ಟೆಗಳು.

ನನಗೆ ಒಮ್ಮೆಲೇ ಎಲ್ಲವೂ ಅರ್ಥವಾಯಿತು, ಹಾಗಾಗಿ ಹೆದರಿಕೆಯೂ ಒಮ್ಮೆಲೇ ಬಂತು. ನಾವು ಇಲಿಯ ತೂಕ ನೋಡುತ್ತೇವೆ, ತಿಂದ ಆಹಾರದ ತೂಕ ನೋಡುತ್ತೇವೆ. ನಿಲ್ಲಲಾಗದ ಇಲಿ ತಿನ್ನುವುದಿಲ್ಲ, ತೂಕ ಇಳಿಯುತ್ತದೆ, ಅದೇ ನಮಗೆ ಮೊದಲ ಎಚ್ಚರಿಕೆ. ಇವು ಮಲಗಿ ತಿಂದು ಗುಂಡಗಿದ್ದವು. ಅಂಕಿಗಳೆಲ್ಲ ಅಚ್ಚುಕಟ್ಟು. ಕೀಲು ಬಿಗಿದಿರುವುದು ಸುಮ್ಮನಿದ್ದಾಗ ಹೆಚ್ಚು, ಓಡಾಡಿದರೆ ಸಡಿಲವಾಗುತ್ತದೆ. ಪಂಜರ ಬದಲಿಸಿದ ಗಲಾಟೆಯಲ್ಲಿ ಅವು ಓಡಾಡಿ ಸಡಿಲಗೊಂಡ ಮೇಲೆ ನಾನು ಬುಧವಾರ ಬುಧವಾರ ಬಂದು ನಾರ್ಮಲ್ ಎಂದು ಬರೆದಿದ್ದೆ. ಕೊನೆಯಲ್ಲಿ ಕತ್ತರಿಸಿ ಪರೀಕ್ಷಿಸಬೇಕಾದ ಅಂಗಗಳ ಪಟ್ಟಿಯಲ್ಲಿ ಕಾಲಿನ ಕೀಲು ಇರಲಿಲ್ಲ, ನಡಿಗೆಯಲ್ಲಿ ಏನಾದರೂ ಕಂಡಿದ್ದರೆ ಮಾತ್ರ ಸೇರಿಸುತ್ತಿದ್ದರು. ಅಧ್ಯಯನ ಹೀಗೇ ಮುಗಿದರೆ ಏನೂ ತೊಂದರೆಯಿಲ್ಲವೆಂಬ ವರದಿ ಹೋಗುತ್ತದೆ. ಅದನ್ನು ನಂಬಿ ಮನುಷ್ಯರಿಗೆ ಕೊಡುತ್ತಾರೆ. ಯಾವುದೋ ಆಸ್ಪತ್ರೆಯ ಹಾಸಿಗೆಯಲ್ಲಿ ಮೊದಲೇ ಸೋತ ಜೀವವೊಂದು ಬೆಳಿಗ್ಗೆ ಎದ್ದು ತನ್ನ ಕೈ ಮಡಚಲಾರದೆ ನೋಡುತ್ತದೆ.

ಶರಣಪ್ಪ ಒಳಗೆ ಬಂದ. ನನ್ನನ್ನು ಸ್ಟೂಲಿನ ಮೇಲೆ ನೋಡಿ ಬಾಗಿಲಲ್ಲೇ ನಿಂತ. ತಟ್ಟೆ ಯಾರಿಟ್ಟದ್ದು ಎಂದು ಕೇಳಿದೆ. ಅವನು ಮುಚ್ಚಿಡಲಿಲ್ಲ.

“ನಾನ ಇಟ್ಟೀನ್ರಿ ಅಕ್ಕಾರ. ಎದ್ದು ನಿಂದ್ರಾಕ ಆಗವಲ್ದು ಅವಕ್ಕ. ಮ್ಯಾಲಿಂದನ ತಗದು ನೆನಸಿ ಇಡ್ತೀನಿ, ತೂಕ ಏನ್ ತಪ್ಪಂಗಿಲ್ಲ. ನಾ ಬಿದ್ದಾಗ ನನ್ನ ಹೆಂಡ್ತಿನೂ ಗಂಗಾಳ ನೆಲಕ್ಕ ಇಟ್ಟು ಉಣಿಸಿದ್ಲು.”

ದಿನವೂ ಔಷಧಿ ಕೊಡುವವರು ಬರುವ ಮುಂಚೆ, ಬುಧವಾರ ಪಂಜರ ಬದಲಿಸುವ ಮುಂಚೆ ತಟ್ಟೆಗಳನ್ನು ತೆಗೆದು ತೊಳೆದಿಡುತ್ತಿದ್ದನಂತೆ, ಮೇಡಮ್ಮನವರು ಪರೀಕ್ಷೆಗೆ ಬರುವಾಗ ಎಲ್ಲ ಸ್ವಚ್ಛವಾಗಿರಲಿ ಎಂದು. ಎಷ್ಟು ದಿನದಿಂದ ಎಂದೆ. ಎರಡನೆಯ ವಾರದಿಂದ ಎಂದ. ಕಿವಿಯ ಸಂಖ್ಯೆಯ ಬಿಲ್ಲೆ ಬಿದ್ದುಹೋದ ಒಂದು ಇಲಿಗೆ ಹೊಸದಾಗಿ ತೂತು ಹಾಕಿದ್ದು ಇನ್ನೂ ಕೂಡಿಲ್ಲ ಎಂದೂ ತಾನಾಗಿ ಹೇಳಿದ. ಅವನಿಗೆ ಎಲ್ಲ ಗೊತ್ತಿತ್ತು. ನಾವು ಯಾರೂ ಕೇಳಿರಲಿಲ್ಲ.

ನಾನು ತಕ್ಷಣ ಎದ್ದು ರಾಘವನ್ ಬಳಿಗೆ ಓಡಿದೆ ಎಂದು ಬರೆಯಲು ಆಸೆ. ಓಡಲಿಲ್ಲ. ಹೆಂಗಸರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅರ್ಧ ಗಂಟೆ ಕೂತೆ. ಹೇಳಿದರೆ ಶರಣಪ್ಪನ ಕೆಲಸ ಹೋಗುವುದು ಖಂಡಿತ. ನೋಡದೆ ಬರೆದವಳೆಂದು ನನ್ನದೂ ಹೋಗಬಹುದು. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಆ ಕೊನೆಯ ಮಾತೇ ನನ್ನನ್ನು ಎಲ್ಲಕ್ಕಿಂತ ಹೆದರಿಸಿತು. ಹೆಬ್ಬೆರಳಿನ ಪ್ಲಾಸ್ಟರ್ ಬಿಚ್ಚಿ ನೋಡಿದೆ. ಇನ್ನೂ ಹಸಿಯಾಗಿತ್ತು.

ರಾಘವನ್ ಪೂರ್ತಿ ಕೇಳಿದರು. ಪೆನ್ನಿಗೆ ಕ್ಯಾಪು ಹಾಕಿದರು. ಟಕ್.

“ನಾಲ್ಕು ವಾರದ ಸೈನೂ ನಿಮ್ದೇ ಅಲ್ವಾ ಗಿರಿಜಾ?”

“ನಂದೇ ಸಾರ್.”

ಡ್ರಾಯರಿನಿಂದ ಸಂಖ್ಯೆ ಹಾಕಿದ ಒಂದು ಖಾಲಿ ನಮೂನೆ ತೆಗೆದು ನನ್ನ ಮುಂದಿಟ್ಟರು. ನಿಯಮ ತಪ್ಪಿದಾಗ ತಪ್ಪಿದವರೇ ತಮ್ಮ ಕೈಯಾರೆ ಬರೆದುಕೊಡುವ ಹಾಳೆ ಅದು.

ಹೊಸದಾಗಿ ಬರುವವರಿಗೆ ಈ ಹಾಳೆಯ ಗುಣ ಗೊತ್ತಿರಬೇಕು. ಇದನ್ನು ಹರಿಯುವಂತಿಲ್ಲ, ಸಂಖ್ಯೆ ತಪ್ಪುತ್ತದೆ. ಬಿಳಿ ಬಳಿಯುವಂತಿಲ್ಲ. ಬರೆದದ್ದು ತಪ್ಪಾದರೆ ಒಂದೇ ಒಂದು ಗೆರೆ ಎಳೆಯಬೇಕು, ಅಡಿಯ ಅಕ್ಷರ ಓದಲು ಸಿಗುವಂತೆ. ಪಕ್ಕದಲ್ಲಿ ಸಹಿ, ತಾರೀಖು. ನಾನು ಬರೆದ ಮೊದಲ ವಾಕ್ಯ ಇದು: ‘ಪರಿಚಾರಕನು ಯಾರಿಗೂ ತಿಳಿಸದೆ ಪಂಜರದಲ್ಲಿ ಆಹಾರ ಇಟ್ಟ ಕಾರಣ ಲಕ್ಷಣಗಳು ಮರೆಯಾದವು.’ ಸುಳ್ಳು ಒಂದಕ್ಷರವೂ ಇಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎನ್ನುತ್ತಾರಲ್ಲ, ಹಾಗೆ ಕೋಲು ಉಳಿಸಿಕೊಳ್ಳುವ ವಾಕ್ಯ. ಶರಣಪ್ಪ ಬಾಗಿಲ ಹೊರಗೆ ನಿಂತಿದ್ದ, ಕರೆಸಿದ್ದರು. ಅವನಿಗೆ ಓದಿ ಹೇಳಿದೆ, ಅದೂ ನಿಯಮ.

“ಬರೀರಿ ಅಕ್ಕಾರ, ಖರೇನ ಐತಿ” ಎಂದ. “ನನ್ನ ಹೆಸರೂ ಹಾಕ್ರಿ.”

ಅವನ ಮುಖದಲ್ಲಿ ನನ್ನ ಮೇಲೆ ಎಳ್ಳಷ್ಟೂ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನು ಬಚಾವಾಗುತ್ತಿದ್ದೆ. ಆ ವಾಕ್ಯಕ್ಕೆ ಗೆರೆ ಎಳೆದು ಸಹಿ ಮಾಡಿ, ಅದರ ಕೆಳಗೆ ಬರೆದೆ: ನಲವತ್ತೇಳನೆಯ ಇಲಿಯ ನಡಿಗೆ ಸರಿಯಿಲ್ಲದ್ದನ್ನು ಮೂರನೆಯ ವಾರ ಕಣ್ಣಾರೆ ಕಂಡೂ ನಾನು ನಾರ್ಮಲ್ ಎಂದು ಬರೆದೆ. ನಾಲ್ಕು ವಾರವೂ ಮುಟ್ಟುವ ಮೊದಲು ಕೂತು ನೋಡಲಿಲ್ಲ. ಕೈ ಕೊಯ್ದುಕೊಂಡದ್ದನ್ನು ತಿಳಿಸಲಿಲ್ಲ. ಇವಾದ ಮೇಲೆ ತಟ್ಟೆಯ ವಿಷಯ. ಬರೆಯುವಾಗ ಬೆರಳು ಬಿಗಿದು ಅಕ್ಷರ ಸೊಟ್ಟಗಾದವು. ಗೆರೆಯ ಕೆಳಗಿನ ಆ ಮೊದಲ ವಾಕ್ಯ ಇವತ್ತಿಗೂ ದಾಖಲೆಯ ಪೆಟ್ಟಿಗೆಯಲ್ಲಿ ಓದಲು ಸಿಗುತ್ತದೆ. ಅಷ್ಟು ದಿನ ಜೊತೆಯಲ್ಲಿ ದುಡಿದವನನ್ನು ನಾನು ಎಷ್ಟು ಬೇಗ ಮುಂದೆ ತಳ್ಳಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ರಾಘವನ್ ಕೀಲುಗಳನ್ನೂ ಪಟ್ಟಿಗೆ ಸೇರಿಸಿದರು. ಸೂಕ್ಷ್ಮದರ್ಶಕದಲ್ಲಿ ನಾನೂ ನೋಡಿದೆ, ಕೀಲಿನ ಸುತ್ತ ನಾರು ಪದರ ಪದರವಾಗಿ ತುಂಬಿಕೊಂಡಿತ್ತು. ಇಡೀ ಅಧ್ಯಯನವನ್ನು ಹೊಸ ಇಲಿಗಳ ಮೇಲೆ ಮತ್ತೆ ಮಾಡಿದೆವು. ಈ ಸಲ ಪಂಜರ ಬದಲಿಸುವ ಮುಂಚೆ ಪರೀಕ್ಷೆ. ನೆನೆಸಿದ ಆಹಾರ ಕೊಡಬೇಕೇ ಬೇಡವೇ ಎಂದು ಪದ್ಮನಾಭಯ್ಯನವರ ಜಾಗಕ್ಕೆ ಬಂದಿದ್ದ ಪಶುವೈದ್ಯರು ನಿರ್ಧರಿಸಿ, ಕೊಟ್ಟರೆ ಕೊಟ್ಟ ದಿನ, ಕೊಟ್ಟ ಕಾರಣ ಎಲ್ಲ ಬರೆದಿಟ್ಟರು. ಹೌದು, ಕೊಡಲು ಅವಕಾಶವಿತ್ತು, ಮೊದಲಿಂದಲೂ ಇತ್ತು. ಶರಣಪ್ಪನ ಕರುಣೆಯಲ್ಲಿ ತಪ್ಪಿರಲಿಲ್ಲ, ಅದನ್ನು ಎಲ್ಲಿ ಹೇಳಬೇಕೆಂದು ಅವನಿಗೆ ನಾವು ಹೇಳಿಕೊಟ್ಟಿರಲಿಲ್ಲ. ಆ ಪುಡಿ ಮನುಷ್ಯರವರೆಗೆ ಹೋಗಲಿಲ್ಲ. ಕಳಿಸಿದವರು ಅದನ್ನು ಕೈಬಿಟ್ಟರು.

ನನಗೆ ಎಚ್ಚರಿಕೆಯ ಪತ್ರ ಕೊಟ್ಟರು. ಶರಣಪ್ಪನನ್ನು ಗುತ್ತಿಗೆದಾರರು ಅದೇ ವಾರ ಬಿಡಿಸಿದರು. ಬೇಡವೆಂದು ನಾನು ರಾಘವನ್ ಬಳಿ ಎರಡು ಸಲ ಹೋದೆ. ತಮ್ಮ ಕೈಯಲ್ಲಿಲ್ಲ ಎಂದರು. ಮೂರನೆಯ ಸಲ ಹೋಗಲು ಧೈರ್ಯ ಸಾಲಲಿಲ್ಲ. ಹೋಗುವ ದಿನ ಅವನು ತಟ್ಟೆಗಳನ್ನು ತೊಳೆದು ಸ್ಟೂಲಿನ ಮೇಲೆ ಒಂದರ ಮೇಲೊಂದು ಇಟ್ಟಿದ್ದ. ಆಮೇಲೆ ಪೀಣ್ಯದ ಕಡೆ ಯಾವುದೋ ಗೋದಾಮಿಗೆ ಸೇರಿದನೆಂದು ಕೇಳಿದೆ. ಹುಡುಕಿಕೊಂಡು ಹೋಗಲಿಲ್ಲ. ಯಾವ ಮುಖ ಹೊತ್ತು ಹೋಗಲಿ?

ನನ್ನ ಗಾಯದ ಕತೆ ಕೇಳಿದರೆ ನಗುತ್ತೀರಿ. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು. ನನಗೆ ಸಕ್ಕರೆ ಕಾಯಿಲೆ. ಗಾಯ ಒಣಗದಿರುವುದಕ್ಕೂ ಬೆರಳು ಬಿಗಿಯುವುದಕ್ಕೂ ಅದೇ ಕಾರಣ ಇರಬೇಕು, ಅಷ್ಟು ಚೂರು ಪುಡಿ ತಾಗಿ ಹೀಗೆಲ್ಲ ಆಗುವುದಿಲ್ಲ ಎಂದರು. ಅಂದರೆ ನಾನು ಹೆದರಿದ್ದು ಸುಳ್ಳು ಕಾರಣಕ್ಕೆ. ಆ ಸುಳ್ಳು ಭಯ ಇಲ್ಲದಿದ್ದರೆ ಸ್ಟೂಲಿನ ಮೇಲೆ ಕೂರುತ್ತಿರಲಿಲ್ಲ ಎಂಬುದನ್ನು ನೆನೆದರೆ ಈಗಲೂ ಹೆದರಿಕೆಯಾಗುತ್ತದೆ.

ಬೆರಳು ಈಚೆಗೆ ಮತ್ತೆ ಬಿಗಿಯುತ್ತಿವೆ, ಭುಜವೂ ಸೇರಿಕೊಂಡಿದೆ. ನನ್ನ ಯಜಮಾನರು ಗಮನಿಸಿದ್ದಾರೆ. ಮೊನ್ನೆ ಬೆಳಿಗ್ಗೆ ಅಡುಗೆಮನೆಗೆ ಹೋದರೆ, ಮೇಲಿನ ಶೆಲ್ಫಿನಲ್ಲಿದ್ದ ಕಾಫಿಪುಡಿ ಡಬ್ಬಿ ಕೆಳಗೆ, ಒಲೆಯ ಪಕ್ಕಕ್ಕೆ ಬಂದಿತ್ತು. ನನಗೆ ಕಷ್ಟವಾಗದಿರಲೆಂದು ಅವರೇ ಇಳಿಸಿಟ್ಟಿದ್ದರು. ನಾನು ಅದನ್ನು ನೋಡುತ್ತ ನಿಂತೆ. ಆಮೇಲೆ ವಾಪಸ್ ಮೇಲಿಡಿ ಎಂದೆ.

“ಕೈ ಎತ್ತೋಕಾಗಲ್ಲ ಅಂತೀಯ, ಮೇಲ್ಯಾಕೆ?” ಎಂದರು.

“ಆಗ್ತಿಲ್ಲ ಅನ್ನೋದು ಗೊತ್ತಾಗ್ಬೇಕಲ್ರೀ” ಎಂದೆ.

ಡಬ್ಬಿ ಮೇಲೆಯೇ ಇದೆ. ಮುಟ್ಟುವ ಮೊದಲು ಒಂದು ಕ್ಷಣ ನಿಂತು ನೋಡುತ್ತೇನೆ, ಹೆದರಿಕೊಂಡೇ ಕೈ ಎತ್ತುತ್ತೇನೆ, ಫ್ರಿಜ್ ಪಕ್ಕದ ಕ್ಯಾಲೆಂಡರಿನಲ್ಲಿ ಆ ದಿನದ ಚೌಕದೊಳಗೆ ಸಣ್ಣದಾಗಿ ಬರೆದಿಡುತ್ತೇನೆ. ಇವತ್ತು ಸಿಕ್ಕಿತು, ಎಡಗೈಯಲ್ಲಿ. ಹಾಗೆಂದೇ ಬರೆದಿದ್ದೇನೆ.